ಬೀಯಮ್ಮನ ಕೈ, ಐಸಮ್ಮನ ಮೆಣಸು

ಬೀಯಮ್ಮನವರೊಂದಿಗೆ ಮೊದಲ ಮಾತುಕತೆ ನಿಗದಿಯಾಗಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಬಂಟ್ವಾಳ ತಾಲೂಕಿನ ಬೀಡಿ ಕಟ್ಟುವ ಹೆಂಗಸರ ಬದುಕನ್ನು ಅವರದೇ ಮಾತಿನಲ್ಲಿ ಕೇಳಿ ದಾಖಲಿಸುವ ವಿಶ್ವವಿದ್ಯಾಲಯದ ಕೆಲಸ ಆಗ ನಡೆದಿತ್ತು. ಫರಂಗಿಪೇಟೆಯ ಹೆದ್ದಾರಿಯಿಂದ ಒಳಗೆ ಸರಿದ ಓಣಿಯಲ್ಲಿರುವ ಈ ಮನೆಯನ್ನು ಸೂಚಿಸಿದವಳು ಅವರ ಮೊಮ್ಮಗಳು ರಿಫಾ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ಅವಳೇ ನಡುವಿನ ದೂತೆಯೂ ಆದಳು. ಅಜ್ಜಿ ಮೊದಲು ಉಪವಾಸದ ತಿಂಗಳೆಂದು ಮುಂದೂಡಿದರು. ಹಬ್ಬ ಕಳೆದ ಮೇಲೆ ನೆಂಟರು ಬರುವವರಿದ್ದಾರೆ ಎಂದರು. ನೆಂಟರೂ ಬಂದು ಹೋದ ಮೇಲೆ, ಹೇಳುವಂಥದ್ದು ತನ್ನಲ್ಲಿ ಏನಿದೆ ಎಂದು ಕೇಳಿ ಕಳುಹಿಸಿದರು. ಕೊನೆಗೆ ಒಪ್ಪಿಗೆಯ ಜೊತೆ ಒಂದು ಷರತ್ತೂ ಬಂತು: ಬಾಯಿ ಎಷ್ಟು ಹೊತ್ತು ಬೇಕಾದರೂ ಮಾತಾಡೀತು, ಆದರೆ ಕೈಗೆ ಬಿಡುವು ಕೇಳಬಾರದು. ಹಾಗೆ 2024ರ ಏಪ್ರಿಲ್ ಹದಿನೇಳು, ಬುಧವಾರ, ಮಧ್ಯಾಹ್ನದ ನಮಾಝ್ ಆದ ಮೇಲೆ ಎಂದು ನಿಶ್ಚಯವಾಯಿತು.

ಆ ದಿನ ಜಗಲಿಯ ಮೇಲೆ ಹಾಕಿದ ತಗಡಿನ ಚಪ್ಪರ ಕಾದು ಟಕ್ ಟಕ್ ಎನ್ನುತ್ತಿತ್ತು. ಬೀಯಮ್ಮ ಗೋಡೆಗೆ ಬೆನ್ನು ಕೊಟ್ಟು, ಎಲೆ, ನೂಲು, ಹೊಗೆಸೊಪ್ಪಿನ ಪುಡಿ ತುಂಬಿದ ಮೊರವನ್ನು, ಇಲ್ಲಿನವರ ತಡ್ಪೆಯನ್ನು, ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೀಡಿಯ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಬಂತು, ಆದರೆ ಚುಟುಕಾಗಿ, ಬೇರೆ ಯಾರದೋ ಸಂಗತಿಯೆಂಬಂತೆ. ಅವರ ಕಣ್ಣು ಜಗಲಿಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಸಿಮೆಂಟ್ ಚೀಲಗಳ ಮೇಲೆಯೇ ಇತ್ತು. ಚೀಲಗಳಲ್ಲಿ ಮಣ್ಣು, ಮಣ್ಣಿನಲ್ಲಿ ಮೆಣಸಿನ ಗಿಡ. ಎಲೆಗಳು ಸಪೂರವಾಗಿ, ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಹಳದಿಯಾಗಿ, ತೊಳೆದೂ ಕಲೆ ಹೋಗದ ಬಟ್ಟೆಯ ಹಾಗೆ ಕಾಣುತ್ತಿದ್ದವು.

"ಬೀಡಿದು ಇರ್ಲಿ," ಎಂದರು ಬೀಯಮ್ಮ, ಒಂದು ಎಲೆಯನ್ನು ಸುತ್ತುತ್ತಲೇ. "ಬೀಡಿ ಎಲ್ಲರೂ ಕಟ್ತಾರೆ. ನಿಮ್ಮ ಯೂನಿವರ್ಸಿಟಿಯಲ್ಲಿ ಗಿಡಕ್ಕೆ ಮದ್ದು ಕೊಡುವವರು ಯಾರಾದ್ರೂ ಉಂಟಾ?"

ಆ ಮಧ್ಯಾಹ್ನದಿಂದ ಮಾತು ಬೀಡಿಯನ್ನು ಬಿಟ್ಟು ಮೆಣಸಿನ ಕಡೆಗೆ ತಿರುಗಿತು. ಮುಂದಿನ ಭೇಟಿಗಳಲ್ಲಿ ಅವರ ಬದುಕು ತೆರೆದುಕೊಂಡದ್ದೂ ಆ ಗಿಡದ ಬುಡದಿಂದಲೇ.

ಬೀಯಮ್ಮ ಹುಟ್ಟಿದ್ದು ಕಲ್ಲಡ್ಕದ ಹತ್ತಿರ. ತಾಯಿ ಐಸಮ್ಮ ಬೇರೆಯವರ ಗದ್ದೆಯಲ್ಲಿ ನೇಜಿ ನೆಡಲು ಹೋಗುತ್ತಿದ್ದವರು. ಸ್ವಂತದ್ದೆಂದು ಇದ್ದದ್ದು ಮನೆಯ ಹಿಂದಿನ ಒಂದು ತುಂಡು ಜಾಗ, ಅದರಲ್ಲಿ ಬಸಳೆ ಚಪ್ಪರ, ಅಲಸಂಡೆ, ಮತ್ತು ಈ ಮೆಣಸು. ಗಿಡ್ಡಗೆ, ದಪ್ಪಗೆ, ಆಕಾಶಕ್ಕೆ ಮುಖ ಮಾಡಿ ಬಿಡುವ ಕಾಯಿ. ಎಳತರಲ್ಲಿ ಹಾಲು ಬೆರೆತ ಹಸಿರು, ಹಣ್ಣಾದಾಗ ಕೆಂಡದ ಬಣ್ಣ. ಗಂಜಿಯ ಜೊತೆ ಉಪ್ಪಿನಲ್ಲಿ ಜಜ್ಜಿಕೊಂಡರೆ ಬೇರೆ ಪದಾರ್ಥ ಬೇಡ. ಎಲ್ಲಿಂದ ಬಂತೆಂದು ಐಸಮ್ಮನಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಫರಂಗಿಪೇಟೆಗೆ ಬರುವಾಗ ತಾಯಿ ಹಣ್ಣು ಮೆಣಸನ್ನು ಬಟ್ಟೆಯ ತುದಿಯಲ್ಲಿ ಗಂಟು ಹಾಕಿ ಕೊಟ್ಟರು. ಗಂಡ ಉಮ್ಮರ್ ಸೈಕಲ್‌ನಲ್ಲಿ ಮೀನು ಮಾರುತ್ತಿದ್ದವರು. ಮನೆಯೆದುರು ಸೈಕಲ್ ನಿಂತಾಗ ಬುಟ್ಟಿಯಲ್ಲಿ ಉಳಿದ ಬೂತಾಯಿಗೆ ಈ ಮೆಣಸನ್ನೇ ಅರೆಯಬೇಕಿತ್ತು, ಅಂಗಡಿಯದ್ದು ಹಾಕಿದರೆ ಒಂದು ತುತ್ತಿಗೆ ಗೊತ್ತಾಗುತ್ತಿತ್ತು. ಐಸಮ್ಮ ತೀರಿಕೊಂಡ ಮೇಲೆ ಕಲ್ಲಡ್ಕದ ಜಾಗ ಕೈಬಿಟ್ಟಿತು. ಅಲ್ಲಿ ಈಗ ಒಂದು ಗ್ಯಾರೇಜ್ ಇದೆ. ತಾಯಿಯದ್ದೆಂದು ಹೇಳಬಹುದಾದದ್ದು ಮೆಣಸು ಮಾತ್ರ ಉಳಿಯಿತು. ನೆರೆಕರೆಯವರು ಅದನ್ನು ಐಸಮ್ಮನ ಮೆಣಸು ಎಂದೇ ಕರೆದರು, ಐಸಮ್ಮನನ್ನು ನೋಡದವರೂ.

ಬೀಯಮ್ಮನವರಿಗೆ ಇನ್ನೊಂದು ಹೆಸರೂ ಇತ್ತು, ಅದು ಅವರ ಕೈಗೆ ಸೇರಿದ್ದು. ಈ ಕಡೆಯ ಹಲವು ಮನೆಗಳಲ್ಲಿ ತರಕಾರಿಯ ಮೊದಲ ಬೀಜ, ಮೊದಲ ಸಸಿಯನ್ನು ಸಿಕ್ಕಿದವರಿಂದ ನೆಡಿಸುವುದಿಲ್ಲ. ಕೈಗುಣ ಇದ್ದವರನ್ನು ಕರೆಯುತ್ತಾರೆ. ಅವರು ಬಂದು ಮಾತಾಡದೆ ಒಂದು ಸಸಿ ನೆಟ್ಟು, ಬುಡಕ್ಕೆ ನೀರು ಬಿಟ್ಟು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಉಳಿದದ್ದನ್ನು ಮನೆಯವರು ನೆಡುತ್ತಾರೆ. ಬೀಯಮ್ಮ ನೆಟ್ಟದ್ದು ಹಿಡಿಯದೆ ಹೋಗಲಿಲ್ಲ ಎಂಬ ಮಾತು ಮೊದಲು ಪಕ್ಕದ ಧರ್ಣಪ್ಪನ ತಾಯಿಯಿಂದ ಹೊರಟು, ಬ್ಯಾರಿಗಳ ಮನೆ, ತುಳುವರ ಮನೆ ಎಂಬ ಭೇದವಿಲ್ಲದೆ ಓಣಿಯ ತುದಿಯವರೆಗೆ ಹೋಯಿತು. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದರೆ ಕರೆ ಬರುತ್ತಿತ್ತು. "ಬೀಯಮ್ಮಕ್ಕ ನೆಟ್ರೆ ಕೊಡೆಯ ಕಾಲೂ ಚಿಗುರ್ತದೆ," ಎನ್ನುತ್ತಿದ್ದ ಧರ್ಣಪ್ಪ. ಬೀಯಮ್ಮ ತಡ್ಪೆಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಏಳುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಟ್ಟಿದ ಬೀಡಿ ಆರಿಸಿ ಬಿಸಾಡುವವರ ಎದುರು ತಲೆ ತಗ್ಗಿಸಿ ನಿಂತು ಅಭ್ಯಾಸವಾದ ಹೆಂಗಸಿಗೆ, ಇನ್ನೊಬ್ಬರ ಅಂಗಳದಲ್ಲಿ ಎಲ್ಲರೂ ಸುಮ್ಮನೆ ನಿಂತು ತನ್ನ ಕೈಯನ್ನೇ ನೋಡುವ ಆ ಗಳಿಗೆ ಎಂಥದ್ದಾಗಿತ್ತೆಂದು ಅವರು ವಿವರಿಸಲಿಲ್ಲ. "ಒಳ್ಳೆದಾಗ್ತಿತ್ತು," ಎಂದಷ್ಟೇ ಹೇಳಿದರು.

ಆಗ ಮೆಣಸು ಬೆಳೆಯುತ್ತಿದ್ದದ್ದು ಮನೆಯ ಹಿಂದಿನ ಗದ್ದೆಯ ಬದಿಯಲ್ಲಿ. ಧನಿಗಳ ಗದ್ದೆ, ಸುಗ್ಗಿಯ ನಂತರ ಖಾಲಿ ಬಿದ್ದಾಗ ಬೀಯಮ್ಮನವರಿಗೆ ತರಕಾರಿ ಮಾಡಲು ಬಿಡುತ್ತಿದ್ದರು. ಹುಳ ಬಂದರೆ ಬೆಳಗಿನ ಇಬ್ಬನಿ ಆರುವ ಮುಂಚೆ ಒಲೆಯ ಬೂದಿ ಎರಚಿದರೆ ಮುಗಿಯಿತು. ಕೆಲವು ವರ್ಷಗಳಲ್ಲಿ ಇದೆಲ್ಲ ಒಂದೊಂದಾಗಿ ಬದಲಾಯಿತು. ಉಮ್ಮರ್ ತೀರಿಕೊಂಡರು. ದಮ್ಮಾಮಿನಲ್ಲಿರುವ ಮಗ, ರಿಫಾಳ ತಂದೆ ಶಮೀರ್ ಮನೆಗೆ ಗ್ಯಾಸ್ ತರಿಸಿದ, ಬಚ್ಚಲಿಗೆ ಗೀಸರ್ ಹಾಕಿಸಿದ. ಸೊಸೆಗೆ ಹೊಗೆ ತಪ್ಪಿತು, ಬೂದಿಯೂ ತಪ್ಪಿತು. ಗದ್ದೆಗೆ ಕೆಂಪು ಮಣ್ಣು ಬಿದ್ದು ಅದರ ಮೇಲೆ ಅಂಗಡಿಗಳ ಕಟ್ಟಡ ಎದ್ದಿತು. ಬೀಯಮ್ಮ ಮೆಣಸನ್ನು ಸಿಮೆಂಟ್ ಚೀಲಗಳಿಗೆ ತಂದು ಅಂಗಳದಲ್ಲಿಟ್ಟರು.

ಈ ಸಲದ ಬೇಸಿಗೆ ಅಂಗಳವನ್ನೂ ಬಿಡಲಿಲ್ಲ. ಮಾರ್ಚಿನಲ್ಲೇ ಕಾಂಕ್ರೀಟು ಕಾವಲಿಯಾಯಿತು. ಬಾವಿಯ ಕೊಡಪಾನ ಕೆಸರು ತರತೊಡಗಿತು. ಹರಿವೆ ಮೊಳಕೆಯಲ್ಲೇ ಕರಟಿತು, ಅಲಸಂಡೆಯ ಕುಡಿಗೆ ಕಪ್ಪು ಹೇನು ಮೆತ್ತಿತು, ಸೌತೆಯ ಮಿಡಿಗಳು ನೊಣ ಕಚ್ಚಿ ಕೊಳೆತು ಉದುರಿದವು. ಬೀಯಮ್ಮ ಎಲ್ಲದರ ಆಸೆ ಬಿಟ್ಟರು, ಮೆಣಸಿನದ್ದು ಬಿಡಲಿಲ್ಲ. ಚೀಲಗಳನ್ನು ಎಳೆದು ತಂದು ಜಗಲಿಯ ನೆರಳಿಗೆ, ತಾನು ಕೂತು ಬೀಡಿ ಕಟ್ಟುವ ಜಾಗದ ಪಕ್ಕಕ್ಕೆ ಇಟ್ಟರು. ಕಟ್ಟುತ್ತಾ ಕಟ್ಟುತ್ತಾ ಕೈ ಚಾಚಿದರೆ ಎಲೆ ತಿರುಗಿಸಿ ನೋಡಬಹುದು, ಒಣಗಿದ್ದನ್ನು ಚಿವುಟಬಹುದು. ಎಲೆಯಡಿಯಲ್ಲಿ ಕಣ್ಣಿಗೆ ಹತ್ತದಷ್ಟು ಸಣ್ಣ ಹುಳ ಕೂತು ಎಲೆ ಮುರುಟಿದಾಗ, ಬೂದಿ ಇಲ್ಲದ ಮನೆಯಲ್ಲಿ ಅವರಿಗೆ ತೋಚಿದ್ದು ತಡ್ಪೆಯಲ್ಲಿ ಉಳಿಯುವ ಹೊಗೆಸೊಪ್ಪಿನ ಹುಡಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಹಿಡಿಸೂಡಿಯ ಪೊರಕೆಯನ್ನು ಅದರಲ್ಲಿ ಅದ್ದಿ ಚಿಮುಕಿಸಿದರು. ಹುಳ ಸತ್ತಿತು. ಸಂತೋಷಕ್ಕೆ ನೆರೆಮನೆಗಳಿಗೂ ಹೇಳಿದರು. ಅಲ್ಲೆಲ್ಲ ಹಿಂದಿನ ಬಿಸು ಕಳೆದ ಮೇಲೆ ಅವರದೇ ಕೈ ನೆಟ್ಟ ಐಸಮ್ಮನ ಮೆಣಸು ಇತ್ತು. ಸ್ವಲ್ಪ ದಿನದಲ್ಲಿ ಎಲೆಗಳಿಗೆ ಹಳದಿ ಮಚ್ಚೆ ಬಂತು. ಹೂ ಉದುರಿತು, ಬಿಟ್ಟ ಕಾಯಿ ಸೊಟ್ಟಗಾಯಿತು. ಮದ್ದು ಸಾಲಲಿಲ್ಲವೆಂದುಕೊಂಡು ಬೀಯಮ್ಮ ಇನ್ನೂ ದಪ್ಪಗೆ ಕದಡಿ ಚಿಮುಕಿಸಿದರು.

ಏಪ್ರಿಲ್ ಕೊನೆಗೆ ರಿಫಾ ಒಂದು ರೆಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೂಡುಬಿದಿರೆಗೆ ಒಯ್ದಳು. ಸಸ್ಯಶಾಸ್ತ್ರ ಕಲಿಸುವ ವಿಜೇತಾ ಮೇಡಂ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ್ದು ಗಿಡದ ಬಗ್ಗೆ ಅಲ್ಲ. "ಮನೆಯಲ್ಲಿ ಯಾರಾದರೂ ಹೊಗೆಸೊಪ್ಪಿನ ಕೆಲಸ ಮಾಡ್ತಾರಾ?" ಎಂದರು. ತಮ್ಮ ಊಹೆಯನ್ನಷ್ಟೇ ನಂಬದೆ ಎಲೆಯನ್ನು ಪರೀಕ್ಷೆಗೂ ಕಳುಹಿಸಿದರು. ಫಲಿತಾಂಶ ಬಂದ ದಿನ ರಿಫಾ ಬಸ್ಸಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಲೇ ಬಂದಳಂತೆ. ಮನೆಗೆ ಬಂದು ಬ್ಯಾಗನ್ನೂ ಇಳಿಸದೆ ಜಗಲಿಯಲ್ಲಿ ಕೂತಳು.

"ಉಮ್ಮಮ್ಮ, ಇದು ಬಿಸಿಲಿಂದಲ್ಲವಂತೆ. ಹುಳದ್ದೂ ಅಲ್ಲವಂತೆ."

"ಮತ್ತೆ? ಯಾರದ್ದಾದ್ರೂ ಕಣ್ಣು ಬಿತ್ತಾ?"

"ಅಲ್ಲ. ಹೊಗೆಸೊಪ್ಪಿನ ಗಿಡಕ್ಕೆ ಬರುವ ರೋಗ ಇದು. ಸೊಪ್ಪು ಒಣಗಿ ಹುಡಿಯಾದ್ರೂ ರೋಗ ಸಾಯುದಿಲ್ಲ, ಅದರಲ್ಲೇ ಇರ್ತದೆ. ಆ ಹುಡಿ ಮುಟ್ಟಿದ ಕೈಯಲ್ಲಿ ಮೆಣಸು ಮುಟ್ಟಿದ್ರೆ ಅದಕ್ಕೆ ದಾಟ್ತದೆ. ಬೀಜಕ್ಕೂ ಹೋಗ್ತದೆ."

ಬೀಯಮ್ಮನವರ ಬೆರಳು ನಿಂತಿತು. ಅರ್ಧ ಸುತ್ತಿದ ಎಲೆ ಬಿಚ್ಚಿಕೊಂಡು ಹುಡಿ ಮಡಿಲಿಗೆ ಸುರಿಯಿತು.

"ನಾನು ಹೊಡೆದ ನೀರು?"

ರಿಫಾ ತಲೆ ತಗ್ಗಿಸಿದಳು. "ಅದರಿಂದ ಇನ್ನೂ ಬೇಗ."

"ಗದ್ದೆಬದಿಯಲ್ಲಿ ಇರುವಾಗ ಏನೂ ಆಗ್ಲಿಲ್ಲವಲ್ಲ ಮೋಳೆ. ಆಗ್ಲೂ ಇದೇ ಕೈ ಅಲ್ವಾ?"

"ಆಗ ನೀವು ಅಷ್ಟು ಮುಟ್ಟುತ್ತಿರ್ಲಿಲ್ಲ ಉಮ್ಮಮ್ಮ. ಈಗ ಪಕ್ಕದಲ್ಲೇ ಇಟ್ಟುಕೊಂಡು ದಿನಾ..." ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು.

ಗಿಡಗಳನ್ನು ಕಿತ್ತು ಸುಡಬೇಕೆಂದು ಮೇಡಂ ಹೇಳಿದ್ದನ್ನು ರಿಫಾ ಕೊನೆಗೆ ಹೇಳಿದಳು. ಬೀಜವನ್ನು ಬೀಯಮ್ಮ ವರ್ಷ ವರ್ಷವೂ ಹೊಸ ಹಣ್ಣಿನಿಂದ ತೆಗೆಯುತ್ತಿದ್ದವರು, ಹಳತನ್ನು ಇಟ್ಟುಕೊಂಡವರಲ್ಲ. ಈ ಗಿಡಗಳು ಹೋದರೆ ಐಸಮ್ಮನ ಮೆಣಸೇ ಹೋಯಿತು. ನೆರೆಮನೆಗಳಲ್ಲಿ ಎಲ್ಲಾದರೂ ಒಂದು ಗಿಡವಾದರೂ ಸರಿಯಾಗಿ ಉಳಿದಿದ್ದೀತೆಂದು ಮರುದಿನ ಓಣಿಗೆ ಇಳಿದರು. ಓಣಿಯ ಎಲ್ಲ ಮನೆಗಳಲ್ಲೂ ಹೆಂಗಸರು ಬೀಡಿ ಕಟ್ಟುವವರು. ಗಿಡಗಳೂ ಒಂದೇ ಬಗೆಯವು, ಮಚ್ಚೆಗಳೂ ಒಂದೇ ಬಗೆಯವು.

ಧರ್ಣಪ್ಪ ತೆಂಗಿನ ಬುಡಕ್ಕೆ ನೀರು ಬಿಡುತ್ತಿದ್ದವನು ದೂರದಿಂದಲೇ ಕೂಗಿದ. "ಬೀಯಮ್ಮಕ್ಕ, ನಿಮ್ಮ ಮದ್ದು ಕುಡಿದು ಕುಡಿದು ನಮ್ಮ ಮೆಣಸಿಗೆ ಬೀಡಿ ಎಳೆಯುವ ಚಟ ಹಿಡಿದಿದೆ ಮಾರಾಯ್ರೆ! ನೋಡಿ, ಹಲ್ಲೆಲ್ಲ ಹಳದಿ."

ಬೀಯಮ್ಮ ನಗಲಿಲ್ಲ. ರಿಫಾ ಹೇಳಿದ್ದನ್ನು ಒಂದೂ ಬಿಡದೆ ಅವನಿಗೆ ಹೇಳಿದರು. ಧರ್ಣಪ್ಪ ಪೈಪನ್ನು ಇನ್ನೊಂದು ಮರದ ಬುಡಕ್ಕೆ ಎಳೆದು ಹಾಕಿ, "ಹೋಗ್ಲಿ ಬಿಡಿ. ಮೆಣಸು ಸಂತೆಯಲ್ಲಿ ಸಿಗುದಿಲ್ವಾ?" ಎಂದ. ಸಮಾಧಾನಕ್ಕೆ ಹೇಳಿದ ಮಾತು ಅದು. ಬೈದಿದ್ದರೆ ಒಳ್ಳೆಯದಿತ್ತು ಎಂದು ಬೀಯಮ್ಮನವರಿಗೆ ಅನ್ನಿಸಿತು. ಹಿಂದಿರುಗುವಾಗ ಅವರ ಕಣ್ಣಿಗೆ ಬಿದ್ದದ್ದು ಬಚ್ಚಲ ಹಿಂದೆ ಹೊಸದಾಗಿ ಅಗೆದು ನೆಟ್ಟ ಬದನೆ ಸಸಿಗಳ ಸಾಲು. ಧರ್ಣಪ್ಪನ ಹೆಂಡತಿ ಅವರ ನೋಟವನ್ನು ಹಿಡಿದಳು. "ಈ ಸಲ ನಿಮಗೆ ಯಾಕೆ ತೊಂದರೆ ಅಂತ ನಾವೇ ನೆಟ್ಟೆವು ಬೀಯಮ್ಮಕ್ಕ," ಎಂದಳು. ಧರ್ಣಪ್ಪನ ಮನೆಯವರಿಗೆ ರೋಗದ ಕಾರಣ ಆ ಮೊದಲು ತಿಳಿದಿರಲಿಲ್ಲ. ಆದರೆ ಬೀಯಮ್ಮ ನೆಟ್ಟದ್ದು ಈ ವರ್ಷ ಕೂಡಿ ಬರಲಿಲ್ಲ ಎಂಬುದು ಓಣಿಗೆ ತಿಳಿದಿತ್ತು. ಆ ವರ್ಷ ಬಿಸು ಕಳೆದ ಮೇಲೆ ಒಂದು ಕರೆಯೂ ಬಂದಿರಲಿಲ್ಲವೆಂಬುದನ್ನು ಬೀಯಮ್ಮ ಅಲ್ಲಿ, ಆ ಅಂಗಳದಲ್ಲಿ, ಲೆಕ್ಕಕ್ಕೆ ತೆಗೆದುಕೊಂಡರು.

ಸ್ವರ್ಣಲತಾ ಅವರ ನೆನಪು ಬಂದದ್ದು ಅದಾದ ಮೇಲೆ. ಅವರ ಗಂಡ ಮುಂಡಪ್ಪ ಹಿಂದೆ ಫರಂಗಿಪೇಟೆಯ ಜಂಕ್ಷನ್ನಿನಲ್ಲಿ ಹೋಟೆಲು ನಡೆಸುತ್ತಿದ್ದರು. ಗೋಳಿಬಜೆಯ ಚಟ್ನಿಗೆ ಐಸಮ್ಮನ ಮೆಣಸು ಹೋಗುತ್ತಿತ್ತು. ಹೋಟೆಲು ಮುಚ್ಚಿ ನಾರಾವಿಯ ತಮ್ಮ ಜಾಗಕ್ಕೆ ಮರಳುವಾಗ ಸ್ವರ್ಣಲತಾ ಹಣ್ಣು ಮೆಣಸನ್ನು ಹಾಳೆಯಲ್ಲಿ ಕಟ್ಟಿಸಿಕೊಂಡು ಹೋಗಿದ್ದರು. ಆಗ ಗಿಡಗಳು ಗದ್ದೆಬದಿಯಲ್ಲಿದ್ದವು, ಆರೋಗ್ಯವಾಗಿದ್ದವು. ನಾರಾವಿಯ ಆ ಮನೆಯಲ್ಲಿ ಬೀಡಿ ಕಟ್ಟುವವರಿಲ್ಲ.

ರಿಫಾ ಫೋನು ಮಾಡಿದಳು. "ಉಂಟು ಮಾರಾಯ್ತಿ, ಬಾವಿಕಟ್ಟೆಯ ಹತ್ತಿರ ಚಂದ ಉಂಟು," ಎಂಬ ಸ್ವರ್ಣಲತಾ ಅವರ ಸ್ವರ ಬೀಯಮ್ಮನವರಿಗೂ ಕೇಳಿಸಿತು. "ಅಜ್ಜಿಯನ್ನು ಕರ್ಕೊಂಡು ಬಾ. ಎಷ್ಟು ವರ್ಷ ಆಯ್ತು ನೋಡದೆ!"

ಹೋಗುವ ಮುಂಚೆ ಬೀಯಮ್ಮ ಎರಡು ದಿನ ಬೀಡಿ ಮುಟ್ಟಲಿಲ್ಲ. ಉಗುರು ಕತ್ತರಿಸಿದರು. ಕೈಯನ್ನು ಸಾಬೂನಿನಿಂದ ತೊಳೆದು, ಹುಣಸೆಹುಳಿ ಹಚ್ಚಿ ಉಜ್ಜಿ, ಮತ್ತೆ ಸಾಬೂನಿನಿಂದ ತೊಳೆದರು. ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಾರಾವಿಗೆ. ಕಿಟಕಿಯಾಚೆ ಗುಡ್ಡದ ಹುಲ್ಲು ಬೆಂಕಿ ಬಿದ್ದಂತೆ ಕಪ್ಪಗಿತ್ತು, ಹೊಳೆಗಳಲ್ಲಿ ಬಂಡೆ ಮಾತ್ರ ಇತ್ತು. ಬೀಯಮ್ಮ ಆಗಾಗ ಅಂಗೈಯನ್ನು ಮೂಗಿಗೆ ಹಿಡಿಯುತ್ತಿದ್ದರು. ನೀರಿನಿಂದ, ಹುಳಿಯಿಂದ, ಸಾಬೂನಿನಿಂದ ಹೋಗದ ಒಂದು ವಾಸನೆ ಅಲ್ಲೇ ಇತ್ತು. ಇಷ್ಟು ವರ್ಷ ಅದು ತನ್ನದೇ ವಾಸನೆಯೆಂದು ಅವರು ತಿಳಿದಿದ್ದರು.

ಸಸಿ ತರಬೇಕು, ಈ ಸಲ ಜಗಲಿಯಿಂದ ದೂರ, ಸೊಸೆಯ, ಎಂದರೆ ರಿಫಾಳ ಉಮ್ಮನ, ಕೈಯಿಂದ ನೆಡಿಸಬೇಕು ಎಂಬ ಲೆಕ್ಕಾಚಾರ ಹಾದಿಯುದ್ದಕ್ಕೂ ನಡೆದಿತ್ತು.

ನಾರಾವಿಯಲ್ಲಿ ಬಾವಿಕಟ್ಟೆಯ ಪಕ್ಕ, ತೆಂಗಿನ ಮಡಲಿನ ನೆರಳಿನಲ್ಲಿ ಮೆಣಸು ನಿಂತಿತ್ತು. ಎಲೆ ಅಗಲವಾಗಿ, ಕಡುಹಸಿರಾಗಿ, ಕಾಯಿಗಳೆಲ್ಲ ಮೇಲ್ಮುಖವಾಗಿ. ಬೀಯಮ್ಮ ಅದನ್ನು ದೂರದಿಂದಲೇ ಗುರುತಿಸಿ ಅಲ್ಲೇ ನಿಂತುಬಿಟ್ಟರು. ಬಿಸಿಲಿನಲ್ಲಿ ನಿಂತಿದ್ದಾರೆಂದು ಮುಂಡಪ್ಪ ಕುರ್ಚಿ ತಂದರೂ ಕೂರಲಿಲ್ಲ.

ಸ್ವರ್ಣಲತಾ ಒಳಗಿನಿಂದ ಒಂದು ಒಡೆದ ಮಡಕೆಯನ್ನು ಹಿಡಿದುಕೊಂಡು ಬಂದರು. ಅದರ ತುಂಬ ಎಳೆ ಸಸಿಗಳು. "ಮಳೆಗಾಲಕ್ಕೆ ಅಂತ ಎಬ್ಬಿಸಿದ್ದು. ನೀವು ಬರ್ತೀರಿ ಅಂತ ಗೊತ್ತಾದ ಮೇಲೆ ನೆಡದೆ ಕಾದೆ ಬೀಯಮ್ಮಕ್ಕ. ಮಣ್ಣು ಹದ ಮಾಡಿ ಇಟ್ಟಿದ್ದೇನೆ, ನೋಡಿ. ಒಂದು ನಿಮ್ಮ ಕೈಯಿಂದ ಆಗ್ಲಿ. ನಿಮ್ಮ ಕೈಗುಣ ನಾನು ಮರೆತಿಲ್ಲ," ಎಂದು ಮಡಕೆಯನ್ನು ಬೀಯಮ್ಮನವರ ಕಾಲ ಬಳಿ ಇಟ್ಟರು.

ಬೀಯಮ್ಮ ಎರಡೂ ಕೈಗಳನ್ನು ಪರ್ದಾದ ಒಳಗೆ ಎಳೆದುಕೊಂಡರು.

"ಈಗ ನನ್ನ ಕೈ ಆಗುದಿಲ್ಲ ಸ್ವರ್ಣಕ್ಕ."

"ಯಾಕೆ? ಯಾರಾದ್ರೂ ತೀರಿಕೊಂಡ್ರಾ?"

"ಯಾರೂ ಇಲ್ಲ. ನಾನು ನೆಟ್ಟದ್ದೆಲ್ಲ ಹಾಳಾಗಿದೆ. ನಮ್ಮಲ್ಲಿ, ಧರ್ಣಪ್ಪಣ್ಣನಲ್ಲಿ, ಓಣಿಯಲ್ಲೆಲ್ಲ. ಬೀಡಿಯ ಹೊಗೆಸೊಪ್ಪಿನಿಂದ ರೋಗ ದಾಟುವುದಂತೆ, ಕೈಯಿಂದ." ಮುಂದಿನದ್ದನ್ನು ರಿಫಾ ವಿವರಿಸಿದಳು.

ಮುಂಡಪ್ಪ ಜೋರಾಗಿ ನಕ್ಕರು. "ಕಾಲೇಜಿನವರಿಗೆ ಹೇಳ್ಲಿಕ್ಕೆ ಏನಾದ್ರೊಂದು ಬೇಕಲ್ಲ! ನಮ್ಮ ಹೋಟೆಲಿನ ಅಂಗಳದಲ್ಲಿ ನೀವು ನೆಟ್ಟ ತೊಂಡೆಯನ್ನು ಎಷ್ಟು ವರ್ಷ ತಿಂದಿದ್ದೇವೆ! ನೀವು ನೆಡಿ, ಏನಾಗ್ತದೆ ನೋಡುವ."

ಆ ಮಾತಿಗೆ ಬೀಯಮ್ಮನವರ ಮನಸ್ಸು ಜಾರಿತ್ತು. ಎಷ್ಟು ತೊಳೆದಿದ್ದೇನೆ, ಒಂದು ಸಸಿ ಅಲ್ಲವೇ, ಮೇಡಂ ಹೇಳಿದ್ದೆಲ್ಲ ಸರಿಯೇ ಆಗಿರಬೇಕೆಂದಿಲ್ಲ ಎಂದು ಆ ಗಳಿಗೆಯಲ್ಲಿ ಅನ್ನಿಸಿದ್ದನ್ನು ಅವರು ಮುಚ್ಚಿಡಲಿಲ್ಲ. ಪರ್ದಾದಿಂದ ಒಂದು ಕೈ ಹೊರಗೂ ಬಂದಿತ್ತು. ಅಷ್ಟರಲ್ಲಿ ಸ್ವರ್ಣಲತಾ, ಗಂಡನ ಕಡೆ ನೋಡುತ್ತಲೇ, ಮಡಕೆಯನ್ನು ಪಾದದಿಂದ ಮೆಲ್ಲನೆ ಹಿಂದಕ್ಕೆ ಸರಿಸಿದರು. ಹಾಗೆ ಮಾಡಿದ್ದು ಅವರಿಗೇ ತಿಳಿದಿರಲಿಕ್ಕಿಲ್ಲ.

ಬೀಯಮ್ಮ ಕೈಯನ್ನು ಒಳಗೆ ತೆಗೆದುಕೊಂಡರು. "ಸ್ವರ್ಣಕ್ಕ ಮಾಡಿದ್ದೇ ಸರಿ," ಎಂದು ಈ ಸಂಗತಿಯನ್ನು ಹೇಳುವಾಗ ಎರಡು ಸಲ ಅಂದರು.

ಸಸಿಗಳನ್ನು ಸ್ವರ್ಣಲತಾ ಅವರೇ ನೆಟ್ಟರು. ಬೀಯಮ್ಮ ಅಲ್ಲಿಂದಲೇ, ಬುಡ ಅಷ್ಟು ಒತ್ತಬೇಡಿ, ಪಡುವಣ ಬಿಸಿಲಿಗೆ ಒಂದು ಮಡಲು ಊರಿ ಎನ್ನುತ್ತಾ ನಿಂತರು. ಹೊರಡುವಾಗ ಸ್ವರ್ಣಲತಾ ಹಣ್ಣು ಮೆಣಸನ್ನು ಕೊಯ್ದು ಕಾಗದದಲ್ಲಿ ಕಟ್ಟಿ ತಂದರು. ರಿಫಾ ಕೈ ಚಾಚಿದಳು.

"ಬೇಡ ಮೋಳೆ," ಎಂದರು ಬೀಯಮ್ಮ.

"ಉಮ್ಮ ನೆಡ್ತಾರೆ ಉಮ್ಮಮ್ಮ. ನೀವು ಮುಟ್ಟದಿದ್ರೆ ಆಯ್ತು. ಇಲ್ಲದಿದ್ರೆ ಬೀಡಿಯನ್ನೇ ಬಿಡಿ."

"ನಾನು ಬಿಟ್ಟೆ ಅಂತ ಇಟ್ಟುಕೋ. ಆ ಮನೆಯ ಗೋಡೆ ಬಿಡ್ತದಾ? ಚಾಪೆ ಬಿಡ್ತದಾ? ಪಕ್ಕದವರು ಬಿಡ್ತಾರಾ? ಕೊಂಡುಹೋಗಿ ಕೊಲ್ಲುವುದು ಯಾಕೆ?" ಮತ್ತೆ ಸ್ವರ್ಣಲತಾ ಅವರ ಕಡೆ ತಿರುಗಿ ಹೇಳಿದರು: "ನಮ್ಮ ಕಡೆಯವರು ಯಾರು ಬಂದು ಕೇಳಿದ್ರೂ ಕೊಡಬೇಡಿ ಸ್ವರ್ಣಕ್ಕ. ಮನಸ್ಸು ತಡೆಯದೆ ನಾನೇ ಬಂದು ಕೇಳಿದ್ರೂ ಕೊಡಬೇಡಿ."

ಸ್ವರ್ಣಲತಾ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟಿನವರೆಗೆ ಬಂದರು. ಮರುದಿನ ಬೆಳಿಗ್ಗೆ ಎಂದಿನಂತೆ ತಡ್ಪೆ ಮಡಿಲಿಗೆ ಬಂತು.

ಕೊನೆಯ ಭೇಟಿ ಮೇ ತಿಂಗಳ ಕೊನೆಯ ದಿನ. ಆ ಹೊತ್ತಿಗೆ ಗಿಡ ಕೀಳುವ ಕೆಲಸ ಮುಗಿದಿತ್ತು. ಮನೆಯ ಹಿಂದೆ ಒಂದು ಕಡೆ ನೆಲ ಕಪ್ಪಾಗಿ ಇನ್ನೂ ಸ್ವಲ್ಪ ಹೊಗೆಯಾಡುತ್ತಿತ್ತು. ಯಾರು ಕಿತ್ತದ್ದೆಂದು ಕೇಳಿದ್ದಕ್ಕೆ, "ನಾನೇ. ಇನ್ನು ಮುಟ್ಟಿದ್ರೆ ಏನು?" ಎಂದರು. ಬೇರೆ ಏನಾದರೂ ಸೇರಿಸಬೇಕೇ ಎಂದಾಗ, ತಾರೀಕು ಹಾಕಿ ಬರೆಯಿರಿ, ಸಾಕು ಎಂದರು. ಅದರಂತೆ ದಾಖಲಾದದ್ದು ಇಷ್ಟು: 2024ರ ಮೇ 31, ಶುಕ್ರವಾರ, ಜುಮಾ ನಮಾಝಿನ ನಂತರ, ಫರಂಗಿಪೇಟೆಯ ಬೀಯಮ್ಮ ತಮ್ಮ ಮನೆಯಲ್ಲಿದ್ದ ಐಸಮ್ಮನ ಮೆಣಸಿನ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟರು.